ತಟ್ಟೆಯಲ್ಲಿ ಉಳಿದ ರೊಟ್ಟಿ

ಕುರೆಕುಪ್ಪದ ಖಾನಾವಳಿಯ ಅಕ್ಕ ಅಲ್ಲಿ ಉಣ್ಣಲು ಬರುವ ಕಾರ್ಖಾನೆ ಕೆಲಸಗಾರರಾದ ನಮ್ಮ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು. ರೊಟ್ಟಿ ಉಳಿದಿದ್ದರೆ ಹಿಟ್ಟು ಮೆತ್ತಿದ ಕೈಯನ್ನೇ ನಮ್ಮ ಹಣೆಗಿಟ್ಟು ಜ್ವರ ನೋಡಿ, "ಉಣ್ಣು ತಮ್ಮಾ, ಉಂಡ್ರ ಎಲ್ಲಾ ಸರಿ ಹೋಗತೈತಿ" ಅನ್ನುತ್ತಿದ್ದಳು.

ಒಂದು ಮಳೆಗಾಲ ಕಂಪ್ಲಿ ಕಡೆಯ ವೆಲ್ಡರ್ ಒಬ್ಬನಿಗೆ ಚಳಿಜ್ವರ ಬಂತು. ಒಂದು ದಿನ ನಡುಗಿದ, ಮರುದಿನ ಬೆವೆತು ಎದ್ದು ಎರಡು ರೊಟ್ಟಿ ಉಂಡ. "ಉಂಡಾನ, ಇನ್ನ ಆರಾಮ ಆಗ್ತಾನ" ಎಂದು ಅಕ್ಕ ಹಿಗ್ಗಿದಳು. ರಕ್ತ ಪರೀಕ್ಷೆ ಮಾಡಿಸಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವನೂ ಕೆಲಸಕ್ಕೆ ಹೋದ. ಐದನೆಯ ದಿನ ಅಕ್ಕನನ್ನೇ ಗುರುತಿಸದೆ ಏನೇನೋ ಬಡಬಡಿಸತೊಡಗಿದ. ಆಸ್ಪತ್ರೆಯಲ್ಲಿ ಮಲೇರಿಯಾ ಎಂದು ಗೊತ್ತಾಗುವಷ್ಟರಲ್ಲಿ ಅದು ಮಿದುಳಿಗೇರಿತ್ತು. ಅವನು ಉಳಿಯಲಿಲ್ಲ.

ಮರುವರ್ಷ ನನ್ನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯಿತು. ಅಕ್ಕ ಹಣೆ ಮುಟ್ಟಿದಳು, ಆದರೆ ಉಣ್ಣು ಅನ್ನಲಿಲ್ಲ. ಒಲೆ ಆರಿಸಿ, ನನ್ನ ಕೈ ಹಿಡಿದು ಸರ್ಕಾರಿ ದವಾಖಾನೆಗೆ ಹೊರಟಳು.

"ಬರೇ ನೆಗಡಿ ಅಕ್ಕಾ" ಅಂದೆ.

"ಸುಮ್ನ ನಡಿ."

ನರ್ಸ್ ನನ್ನ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಒತ್ತಿದಳು. ಅಕ್ಕ ಬಾಗಿ ಆ ಹನಿಯನ್ನೇ ನೋಡುತ್ತ ನಿಂತಳು.

"ಇಷ್ಟ ಏನ್ರಿ?" ಎಂದು ಕೇಳಿದಳು. "ಇಷ್ಟ ಸಾಕಿತ್ತೇನ್ರಿ?"