ಬಾಗಿಲಿಗಿಟ್ಟ ಹಳದಿ ಪೆಟ್ಟಿಗೆ

ಮಲ್ಲಟದ ಹತ್ತಿರದ ಒಂದು ಸಣ್ಣ ಊರಿನ ಅಂಗನವಾಡಿಗೆ ಶಶಿಕಲಾ ಟೀಚರಾಗಿ ಬಂದಾಗ ಅರ್ಧಕ್ಕರ್ಧ ಮಕ್ಕಳು ಅಲ್ಲಿ ಉಣ್ಣುತ್ತಿರಲಿಲ್ಲ. ಅವಳು ಯಾವ ಕೇರಿಯವಳೆಂದು ಊರಿಗೆ ಗೊತ್ತಿತ್ತು. ಅವಳು ಮಕ್ಕಳಿಂದ ಹಾಡು ಹೇಳಿಸಿದಳು, ಮೂಗು ಒರೆಸಿದಳು, ಬಿದ್ದವರನ್ನು ಎತ್ತಿಕೊಂಡಳು. ಬರಬರುತ್ತ ಎಲ್ಲ ತಟ್ಟೆಗಳೂ ಒಂದೇ ಸಾಲಿಗೆ ಬಂದವು. ಹೊಲದ ಕೂಲಿಯಲ್ಲೇ ಬದುಕು ಸವೆಸಿದ ಅವಳ ತಾಯಿ ಸೂಗಮ್ಮ ಒಮ್ಮೆ ಆ ಸಾಲನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಒಂದು ಬೇಸಿಗೆಯಲ್ಲಿ ಅಂಗನವಾಡಿಯ ಬಾಗಿಲು ಗಾಳಿಗೆ ಬಡಿದು ಮಗುವೊಂದರ ಬೆರಳು ಜಜ್ಜಿತು. ಅದೇ ವಾರ ತಮ್ಮ ಸಂಜೀವನ ಬೈಕಿನಲ್ಲಿ ದೇವದುರ್ಗದಿಂದ ಬರುವಾಗ ರಸ್ತೆ ಬದಿಯಲ್ಲಿ ಹಿಡಿಕೆಯಿದ್ದ ಹಳದಿ ಪೆಟ್ಟಿಗೆ ಬಿದ್ದಿರುವುದು ಶಶಿಕಲಾಗೆ ಕಂಡಿತು. ನೋಡಲು ಚಿಕ್ಕದು, ಎತ್ತಿದರೆ ಬೀಸುವ ಕಲ್ಲಿನಷ್ಟು ಭಾರ.

"ಯಾವುದೋ ಲಾರಿಯಿಂದ ಬಿದ್ದದ್ದು, ಬಿಡಕ್ಕಾ," ಅಂದ ಸಂಜೀವ.

"ಕೇಳಿಕೊಂಡು ಬಂದ್ರ ಕೊಡೋಣು. ಅಲ್ಲೀತನಕ ಬಾಗಿಲಿಗೆ ಇಡಾಕ ಬರ್ತದ."

ಪೆಟ್ಟಿಗೆಯ ಮೇಲೆ ಮಾಸಿದ ಚೀಟಿಯಲ್ಲಿ ಮೂರು ರೆಕ್ಕೆಯ ಗುರುತಿತ್ತು. ಫ್ಯಾನ್ ಕಂಪನಿಯದಿರಬೇಕು ಅಂದುಕೊಂಡಳು.

ಮಕ್ಕಳಿಗೆ ಅದು ಕುದುರೆಯಾಯಿತು. ಪಕ್ಕದ ಓಣಿಯ ಗುಲ್ಫಶಾಳ ಮಗಳಂತೂ ಇಳಿಯುತ್ತಲೇ ಇರಲಿಲ್ಲ. ಅದರ ಮೇಲೆ ಕೂತೇ ಮೊಟ್ಟೆ ತಿನ್ನುವಳು, ಮಧ್ಯಾಹ್ನ ಅದನ್ನೇ ತಬ್ಬಿ ಮಲಗುವಳು.

ಕೆಲವು ದಿನಗಳ ನಂತರ ಮೈಕು ಕಟ್ಟಿದ ಆಟೋ ಊರೊಳಗೆ ಬಂತು. ಪೈಪುಗಳ ವೆಲ್ಡಿಂಗ್ ಪರೀಕ್ಷಿಸುವ ಯಂತ್ರ ಜೀಪಿನಿಂದ ಬಿದ್ದು ಕಳೆದಿದೆ, ಹಳದಿ ಪೆಟ್ಟಿಗೆ, ಮೇಲೆ ಮೂರು ರೆಕ್ಕೆಯ ಅಪಾಯದ ಗುರುತಿದೆ, ಒಳಗೆ ವಿಕಿರಣದ ವಸ್ತುವಿದೆ, ಯಾರೂ ಮುಟ್ಟಬೇಡಿ ಎಂದು ಕೂಗಿತು. ಅನ್ನ ಬಡಿಸುತ್ತಿದ್ದ ಶಶಿಕಲಾ ಬಾಗಿಲತ್ತ ತಿರುಗಿದಳು. ಗುಲ್ಫಶಾಳ ಮಗಳು ಪೆಟ್ಟಿಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

ಮಗುವನ್ನು ಕಸಿದುಕೊಂಡು, ಉಳಿದವರನ್ನೆಲ್ಲ ದೂರದ ಬೇವಿನ ಮರದಡಿ ಅಟ್ಟಿ, ಪೊಲೀಸರಿಗೆ ಫೋನ್ ಮಾಡಿದಳು. "ಸರ, ಅದು ನಮ್ಮ ಅಂಗನವಾಡ್ಯಾಗ ಅದ. ಮಕ್ಕಳು ಅದರ ಮ್ಯಾಲೆ..."

ರಾಯಚೂರಿನಿಂದ ಬಂದ ಅಧಿಕಾರಿಗಳು ವಿಕಿರಣ ಅಳೆಯುವ, ಟಿಕ್ ಟಿಕ್ ಎನ್ನುವ ಮೀಟರನ್ನು ಗೋಡೆಗೆ, ಚಾಪೆಗೆ, ಮಕ್ಕಳ ಮೈಗೆ ಹಿಡಿದರು. "ಪೆಟ್ಟಿಗಿ ಕೀಲಿ ಯಾರೂ ತೆಗದಿಲ್ರೀ. ಒಳಗಿಂದು ಒಳಗೇ ಅದ. ಹೆದರಬ್ಯಾಡ್ರಿ," ಎಂದು ಪೆಟ್ಟಿಗೆಯನ್ನು ಒಯ್ದರು. ಆಸ್ಪತ್ರೆಯಲ್ಲಿ ಎಲ್ಲರ ರಕ್ತ ನೋಡಿದ ಡಾಕ್ಟರರೂ ಅದನ್ನೇ ಹೇಳಿದರು.

ಊರು ನಂಬಲಿಲ್ಲ. ಮರುದಿನ ಒಂದು ಮಗುವೂ ಬರಲಿಲ್ಲ. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. "ಆಕಿನ್ನ ಮುಟ್ಟಬ್ಯಾಡ್ರಿ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅದು ಹೊಸ ಹೆದರಿಕೆಯೋ ಹಳೆಯದೋ ಅವಳಿಗೆ ತಿಳಿಯಲಿಲ್ಲ.

ಅವಳೂ ನಂಬಲಿಲ್ಲ. ಸುಡುವ ಬಿಸಿಲಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ, ನಿಂತ ಮೂರು ರೆಕ್ಕೆಗಳತ್ತ ಕಣ್ಣೆತ್ತುತ್ತಿರಲಿಲ್ಲ. ಬಾಚಣಿಗೆಯ ಕೂದಲನ್ನು ಬೆಳಕಿಗೆ ಹಿಡಿದು ನೋಡುವಳು. ಖಾಲಿ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಮೀಟರು ಎಂದು ಬೆಚ್ಚುವಳು. ಬಾಗಿಲ ಬಳಿ ಯಾರೋ ಪೆಟ್ಟಿಗೆಯಿಂದ ಧುಮುಕಿದ ಸಪ್ಪಳ ಕೇಳಿ ಎಷ್ಟೋ ಸಲ ಎದ್ದು ಹೋಗಿದ್ದಳು.

"ಡಾಕ್ಟರು ಏನೂ ಇಲ್ಲ ಅಂದಾರಲ್ಲವಾ," ಎಂದಳು ಸೂಗಮ್ಮ.

"ಕಣ್ಣಿಗೆ ಕಾಣೋದಾಗಿದ್ರ ನಂಬತಿದ್ದೆ, ಯವ್ವಾ."

ಒಂದು ದಿನ ಗುಲ್ಫಶಾ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಮನ್ಯಾಗ ಉಣವಲ್ಲಳ್ರೀ ಟೀಚರ್. ನೀವ ಉಣಿಸಬೇಕಂತ."

"ನಿನಗ ಹೆದರಿಕಿ ಇಲ್ಲೇನವಾ?"

"ಅದ ರೀ, ಯಾಕಿಲ್ಲ? ನಿದ್ದಿನೂ ಬರವಲ್ದು. ಆದ್ರ ಫೋನ್ ಮಾಡಿದವ್ರು ನೀವೇ ಅಲ್ರೀ? ಪೆಟ್ಟಿಗಿ ಸುಮ್ಮ ಬಾವ್ಯಾಗ ಒಗದಿದ್ರ ಯಾರಿಗೆ ಗೊತ್ತಾಗ್ತಿತ್ತು?"

ಶಶಿಕಲಾ ಕೈ ತೊಳೆದಳು. ಸಾಲದೆ ಮತ್ತೆ ತೊಳೆದಳು. ಆಮೇಲೆ ತುತ್ತು ಕಲಸಿದಳು.

ಗುಲ್ಫಶಾಳ ಹಿಂದೆ ಒಬ್ಬೊಬ್ಬರೇ ಬಂದರು. ಕೆಲವರು ಬರಲೇ ಇಲ್ಲ, ಮಾನ್ವಿಯ ಶಾಲೆಗೆ ಸೇರಿದರು.

ಆ ಮಕ್ಕಳೆಲ್ಲ ಈಗ ದೊಡ್ಡ ಶಾಲೆಯಲ್ಲಿದ್ದಾರೆ, ಚೆನ್ನಾಗಿಯೇ ಇದ್ದಾರೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಶಶಿಕಲಾ ನಿಲ್ಲಿಸಿ ಜ್ವರ ಬಂದಿತ್ತೇ ಎಂದು ಕೇಳುತ್ತಾಳೆ. ಜ್ವರದ ಟೀಚರ್ ಎಂದು ಅವರು ನಗುತ್ತಾರೆ. ಮೊನ್ನೆ ಗುಲ್ಫಶಾಳ ಮಗಳು, "ಇಲ್ರೀ ಟೀಚರ್, ಮುಟ್ಟಿ ನೋಡ್ರಿ ಬೇಕಾದ್ರ," ಎಂದು ತಾನೇ ಕೊರಳು ಚಾಚಿದಳು. ಮೈ ತಣ್ಣಗಿತ್ತು. ಆದರೂ ಕೈ ತೆಗೆಯಲು ಶಶಿಕಲಾಗೆ ಧೈರ್ಯ ಸಾಲಲಿಲ್ಲ.