ವಡ್ಡಿನ ಮನೆಯ ಬಾಗಿಲು

ಉಚ್ಚೆಂಗಪ್ಪ ಮೂರು ದಿನಕ್ಕೊಮ್ಮೆ ವಡ್ಡು ಎಂಬ ಊರಿಗೆ ಹೋಗುತ್ತಿದ್ದ. ಹೊಸಪೇಟೆಯಿಂದ ಮಲಪನಗುಡಿಗೆ ಹೋಗುವ ದಾರಿಯಲ್ಲಿ ಅವನ ಬಾಗಿಲು, ಕಿಟಕಿ ಮಾಡುವ ಕಾರ್ಖಾನೆ. ಬೆಳಿಗ್ಗೆ ಶಟರ್ ಎತ್ತಿ, ಆರು ಮಂದಿ ಕೆಲಸದವರಿಗೆ ಅಂದಿನ ಅಳತೆ ಹೇಳಿ, ಮರ ಹೆರೆಯುವ ಹತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬೈಕಿನ ಚೀಲಕ್ಕೆ ಹಾಕಿಕೊಳ್ಳುವನು. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಹುಬ್ಬಿನ ತನಕ ಕೆಂಪು ಧೂಳು. ವಡ್ಡಿನಲ್ಲಿ ಜಡೆಪ್ಪನ ಹೊಸ ಮನೆಯ ಮುಂದೆ ಇಳಿದು, ಕದದ ಅಂಚಿನಿಂದ ತೆಳ್ಳಗೆ ಎರಡೆಳೆ ಹೆರೆದು, ಹತ್ತು ಸಲ ಮುಚ್ಚಿ ತೆರೆದು ವಾಪಸು ಬರುವನು. ಮೂರನೇ ದಿನಕ್ಕೆ ಕದ ಮತ್ತೆ ಚೌಕಟ್ಟಿಗೆ ಉಜ್ಜುತ್ತಿತ್ತು.

"ಆ ಮನಿ ಬಾಗಲಕ್ಕ ಹೋದಷ್ಟು ಸಲ ನಮ್ಮನಿ ಬಾಗಲಕ್ಕ ಬಂದೀರೇನು?" ಎಂದು ಹೆಂಡತಿ ವಿರುಪಮ್ಮ ಕೇಳಿದ್ದಳು. "ಒಂದು ಚಾಪಿ ಒಯ್ದು ಅಲ್ಲೇ ಹಾಸ್ಕೊಳ್ರಿ."

ಅವನ ಅಪ್ಪನ ಕಾಲದಲ್ಲಿ ಕೊರೆದ ಮರ ಒಂದು ವರ್ಷ ನೆರಳಲ್ಲಿ ನಿಂತು ಒಣಗಿದ ಮೇಲೇ ಚೌಕಟ್ಟಾಗುತ್ತಿತ್ತು. ಅದಿರಿಗೆ ಬೆಲೆ ಬಂದ ಮೇಲೆ ಲಾರಿ ಇದ್ದವರು, ಗಣಿಯ ದಾರಿಗೆ ಹೊಲ ಕೊಟ್ಟವರು, ಎಲ್ಲರೂ ಒಟ್ಟಿಗೇ ಮನೆ ಕಟ್ಟಿಸತೊಡಗಿದರು. ಉಚ್ಚೆಂಗಪ್ಪ ಎರಡು ಸಾವಿರದ ನಾಲ್ಕರಲ್ಲಿ ಮಷೀನು ತಂದ. ವಾರಕ್ಕೊಂದು ಚೌಕಟ್ಟು ಮಾಡುತ್ತಿದ್ದವನು ತಿಂಗಳಿಗೆ ಮೂವತ್ತು ಮಾಡತೊಡಗಿದ. ಮರ ಮಾತ್ರ ಮೊದಲಿನಷ್ಟೇ ನಿಧಾನಕ್ಕೆ ಒಣಗುತ್ತಿತ್ತು.

ಮರುವರ್ಷದ ಕಾರ್ತೀಕದಲ್ಲಿ ಜಡೆಪ್ಪ ಬಂದ. ನಾಲ್ಕು ಲಾರಿಗಳ ಧಣಿ. ಬಾಗಿಲು ನಿಲ್ಲಿಸುವ ಮುಹೂರ್ತಕ್ಕೆ ಒಂಬತ್ತೇ ದಿನ ಉಳಿದಿತ್ತು. ಅವನು ಹೇಳಿದ ಅಳತೆಯ ಚೌಕಟ್ಟಿಗೆ ಬೇಕಾದ ನಾಲ್ಕು ತುಂಡುಗಳಲ್ಲಿ ಮೂರಕ್ಕೆ ಮಾತ್ರ ಒಣಗಿದ ಸಾಗವಾನಿ ಇತ್ತು. ಬಲಗಡೆಯ ಕಂಬಕ್ಕೆ ಉಚ್ಚೆಂಗಪ್ಪ ಆಗಷ್ಟೇ ಸಾಮಿಲ್ಲಿನಿಂದ ಬಂದ ಹಸಿ ಮರ ಹಾಕಿದ. ತಪ್ಪೆಂದು ಗೊತ್ತಿತ್ತು. ಬೇಸಿಗೆಗೆ ನೋಡಿಕೊಂಡರಾಯಿತು ಎಂದುಕೊಂಡ. ಆ ಮನೆಗೆ ಬರುವ ದೊಡ್ಡ ಕುಳಗಳ ಕಣ್ಣಿಗೆ ಬೀಳಲೆಂದು ತನ್ನ ಹೆಸರು, ಫೋನ್ ನಂಬರು ಕೊರೆಸಿದ ಹಿತ್ತಾಳೆ ತಗಡನ್ನೂ ಚೌಕಟ್ಟಿಗೆ ಹೊಡೆದ.

ಬೇಸಿಗೆಯಲ್ಲಿ ಆ ಕಂಬ ತಿರುಚಿಕೊಂಡಿತು. ಚೌಕಟ್ಟು ಕಿತ್ತು ಹೊಸದು ಕೂರಿಸಿಕೊಡುತ್ತೇನೆ ಎಂದ. ಜಡೆಪ್ಪ ಒಪ್ಪಿದ. ಅವನ ತಾಯಿ ಜಂಬಮ್ಮ ಹೊಸ್ತಿಲ ಮೇಲೆ ಕೈಯಿಟ್ಟು ಕೂತಳು.

"ಇದರ ಬುಡಕ್ಕ ನವಧಾನ್ಯ ಹಾಕೀನಿ, ಹಾಲು ಎರದೀನಿ. ಇದು ನಿಂತ ಮ್ಯಾಲ ನನ್ನ ಮಗ ಇನ್ನೆರಡು ಲಾರಿ ತಗಂಡಾನ. ಕೀಳ್ಬೇಕಂದ್ರ ಮೊದಲು ನನ್ನ ಎತ್ತಿ ಹೊರಗ ಇಡು."

"ಸೊಟ್ಟ ಆಗೇತಲ್ಲ ಯವ್ವಾ."

"ನನ್ನ ಸೊಂಟಾನೂ ಸೊಟ್ಟ ಆಗೇತಿ. ಕಿತ್ತು ಬಿಸಾಕ್ಯಾರೇನು?"

ತಗಡನ್ನಾದರೂ ಬಿಚ್ಚುತ್ತೇನೆ ಎಂದ. ಅದಕ್ಕೂ ದಿನಾ ಕುಂಕುಮ ಬೀಳುತ್ತಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಭಾರ್ಗವ್ ಫೋನ್ ಮಾಡಿದ. ಉಕ್ಕಿನ ಕಾರ್ಖಾನೆಯೊಂದರ ನೌಕರರಿಗೆ ಎಂಬತ್ನಾಲ್ಕು ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರ. ಜಡೆಪ್ಪನ ಗೃಹಪ್ರವೇಶದ ಊಟಕ್ಕೆ ಬಂದಾಗ ತಗಡಿನ ಮೇಲಿನ ನಂಬರು ಬರೆದುಕೊಂಡಿದ್ದ. ಆ ಬಾಗಿಲು ಈಗ ಹೇಗೆ ನಿಂತಿದೆಯೋ ಬಂದು ನೋಡಿ ಆರ್ಡರು ಕೊಡುತ್ತೇನೆ ಎಂದ. ಸಿಕ್ಕರೆ ಎರಡನೇ ಮಷೀನು, ಇನ್ನೂ ಹತ್ತು ಮಂದಿ. ಸಿಗದಿದ್ದರೆ ಇರುವ ಆರು ಮಂದಿಗೂ ಆ ತಿಂಗಳು ದಾಟಿದ ಮೇಲೆ ಕೆಲಸವಿರಲಿಲ್ಲ.

ಭಾರ್ಗವ್ ಬರುವ ದಿನ ಉಚ್ಚೆಂಗಪ್ಪ ನಸುಕಿನಲ್ಲೇ ವಡ್ಡು ಮುಟ್ಟಿದ. ಹೆರೆದ, ಅಂಚಿಗೆ ಮೇಣದಬತ್ತಿ ಉಜ್ಜಿದ, ಸಿಪ್ಪೆಗಳನ್ನು ಗುಡಿಸಿ ಚೀಲಕ್ಕೆ ತುಂಬಿದ. ಆಮೇಲೂ ಕೂರಲಾಗಲಿಲ್ಲ. ಅಂಗಳಕ್ಕೂ ಬಾಗಿಲಿಗೂ ಓಡಾಡಿದ.

ಹತ್ತು ಗಂಟೆಗೆ ಬಂದ ಭಾರ್ಗವ್ ಒಂದೇ ಬೆರಳಲ್ಲಿ ಕದ ನೂಕಿದ. ಸದ್ದಿಲ್ಲದೆ ಮುಚ್ಚಿಕೊಂಡಿತು.

"ಮಸ್ತ್ ಕೂತದಲ್ರೀ!"

ಚಹಾ ಹಿಡಿದು ಬಂದ ಜಂಬಮ್ಮನಿಗೆ ಹೆಮ್ಮೆ. "ಕುಂದ್ರದೇ ಏನ್ಮಾಡ್ತದ ಸರ? ಮೂರು ದಿನಕ್ಕೊಮ್ಮಿ ಬಂದು ಹೆರೀತಾನ. ಇವತ್ತಂತೂ ಹೊತ್ತು ಹುಟ್ಟಾಕ ಮೊದಲೇ ಬಂದಾನ. ಇಂಥಾ ಮನಷ್ಯಾ ಎಲ್ಲಿ ಸಿಗ್ತಾನ ಹೇಳ್ರಿ?"

ಭಾರ್ಗವ್ ಕದ ಮತ್ತೆ ತೆರೆದ. ಬಲಗಂಬಕ್ಕೆ ಕೆನ್ನೆಯಾನಿಸಿ ಮೇಲಿಂದ ಕೆಳಗೆ ನೋಡಿದ. 

"ಹಸೀ ಮರ ಏನ್ರಿ?"

"ಅದೊಂದು ಕಂಬ ಮಾತ್ರ ಸರ."

ಭಾರ್ಗವ್ ಸಿಟ್ಟಾಗಲಿಲ್ಲ, ನಕ್ಕ. "ಇರ್ಲಿ ಬಿಡ್ರಿ. ಮನಿ ಒಪ್ಪಿಸೋ ದಿನ ಬಾಗಲ ಮುಚ್ಚಿದ್ರ ನನಗ ಸಾಕು. ಎಂಬತ್ನಾಲ್ಕು ಚೌಕಟ್ಟು, ಕದ ಸಮೇತ. ನಲವತ್ತೈದು ದಿನ. ಆಗ್ತದೋ ಇಲ್ಲೋ?"

ಆಗುತ್ತದೆ ಎಂದು ಹೇಳಲೆಂದೇ ಉಚ್ಚೆಂಗಪ್ಪ ಬಂದಿದ್ದ. ಆದರೆ ನಲವತ್ತೈದು ದಿನವೆಂದರೆ ಮುಕ್ಕಾಲು ಪಾಲು ಹಸಿ ಮರವೇ. ಎಂಬತ್ನಾಲ್ಕು ಮನೆಗಳಲ್ಲಿ ಪಾಳಿ ಮುಗಿಸಿ ಬಂದವರು ಹೆಗಲು ಕೊಟ್ಟು ಕದ ನೂಕುವುದು ಅವನಿಗೆ ಕಂಡಿತು.

"ಇಪ್ಪತ್ತಕ್ಕ ಆಗೋವಷ್ಟು ಒಣಮರ ಐತ್ರಿ ಸರ. ಉಳಿದದ್ದಕ್ಕ ಬರೋ ಬೇಸಿಗಿ ತನಕ ಟೈಮ್ ಬೇಕು."

"ನಾನೇ ನಡೀತದ ಅಂದೀನಿ. ನಿಮಗೇನ್ರಿ ತ್ರಾಸು?"

"ಎಂಬತ್ನಾಲ್ಕು ಮನಿಗೆ ಮೂರು ದಿನಕ್ಕೊಮ್ಮಿ ಹೋಗಾಕ ಆಗಂಗಿಲ್ರಿ."

ಭಾರ್ಗವ್ ಜೋರಾಗಿ ನಕ್ಕು, ಫೋನ್ ಹಿಡಿದು ಅಂಗಳಕ್ಕಿಳಿದ. ಚಹಾ ಆರುವುದರೊಳಗೆ ಕಂಪ್ಲಿಯ ಇನ್ನೊಬ್ಬರು ಆರ್ಡರು ಒಪ್ಪಿಕೊಂಡಿದ್ದರು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಮಷೀನು ನಡೆಸುವ ನಾಗೇಂದ್ರಪ್ಪ ಕಾಯುತ್ತಿದ್ದ. "ಏನಂದ್ರು? ಎಷ್ಟು ಹೆರೀಲಿ?"

"ಏನೂ ಹೆರೀಬ್ಯಾಡ. ಇದ್ದ ಹಸಿ ಮರ ಅಷ್ಟೂ ನಡುವ ಪಟ್ಟಿ ಕೊಟ್ಟು, ಗಾಳಿ ಆಡೋ ಹಂಗ ಪೇರಿಸು."

ವಾರ ಕಳೆಯುವುದರೊಳಗೆ ಇಬ್ಬರು ಪಾಪಿನಾಯಕನಹಳ್ಳಿ ಕಡೆ ಅದಿರು ತುಂಬುವ ಕೆಲಸಕ್ಕೆ ಹೋದರು. ಉಳಿದವರು ಮೇಜು, ಮಂಚ ರಿಪೇರಿ ಮಾಡುತ್ತ ಕೂತರು. ಉಚ್ಚೆಂಗಪ್ಪ ಪೇರಿಸಿದ ಮರದಿಂದ ಗೇಣುದ್ದದ ತುಂಡೊಂದನ್ನು ಕೊಯ್ದು, ಈಶ್ವರನ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದ. ತೂಕ ಇಳಿಯುವುದು ನಿಂತರೆ ಮರ ಒಣಗಿದ ಹಾಗೆ. ವಾರಕ್ಕೊಮ್ಮೆ ತೂಗಿದ್ದರೂ ಸಾಕಿತ್ತು. ಅವನು ದಿನಾ ಹೋದ.

"ಮಾವಾ, ಬೆಲ್ಲದ ಅಚ್ಚು ತೂಗೋ ತಕ್ಕಡಿ ಇದು," ಎಂದ ಈಶ್ವರ. "ಕಟ್ಟಿಗಿ ತುಂಡಿಗೆ ದಿನಾ ಪೂಜಿ ಮಾಡಿಸ್ತೀಯಲ್ಲ."

"ಮಾತು ಬಿಡಲೇ. ಮುಳ್ಳು ನೋಡು."

ಹದಿನೇಳನೆಯ ದಿನ ಸಂಜೆ ತುಂಡಿನ ತೂಕ ಇನ್ನೂ ಐದು ಗ್ರಾಂ ಇಳಿದಿತ್ತು. ಅಂದು ಬೆಳಿಗ್ಗೆಯೂ ಅವನು ತೂಗಿಸಿಕೊಂಡು ಹೋಗಿದ್ದ.