ಪುಟ ತುಂಬುವ ಮೊದಲು

ಸಿದ್ದಾಪುರದ ಬಸ್ ಸ್ಟ್ಯಾಂಡ್ ಹತ್ತಿರ ನಾನೂ ನನ್ನ ಗೆಳತಿಯೂ ಸೇರಿ ಆನ್‌ಲೈನ್ ಸೇವೆಯ ಅಂಗಡಿ ನಡೆಸುತ್ತಿದ್ದೆವು. ಅವಳು ಸಂಪಾಜೆ ಕಡೆಯಿಂದ ಮದುವೆಯಾಗಿ ಬಂದವಳು. ಜನರ ಜೊತೆ ಮಾತು ಅವಳದು, ಕಂಪ್ಯೂಟರ್ ಕೆಲಸ ಹೆಚ್ಚಾಗಿ ನನ್ನದು. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಂದ ಬರುವವರಲ್ಲಿ ಅನೇಕರಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರನ್ನು ನೋಡಲು ಡೇಟ್ ಬೇಕಾಗುತ್ತಿತ್ತು. ಡೇಟ್ ಸಿಗುತ್ತಿದ್ದುದು ಆನ್‌ಲೈನಿನಲ್ಲಿ ಮಾತ್ರ. ಪ್ರತಿಯೊಬ್ಬರಿಗೂ ದಿನವೂ ಕೈಯಲ್ಲಿ ತೆರೆದು ನೋಡುವುದು ಆಗದ ಮಾತೆಂದು ನಾನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ, ಬರೆದೆ. ಅದು ತಾನೇ ಬ್ರೌಸರ್ ತೆರೆದು, ವಿಭಾಗ ಆರಿಸಿ, ಡೇಟ್ ಇದ್ದರೆ ಹೆಸರು ಹಾಕುತ್ತಿತ್ತು. ಆ ಪುಟದ ಸ್ವಭಾವ ವಿಚಿತ್ರ. ತೆರೆದ ಕೂಡಲೇ 'ಸದ್ಯ ಯಾವ ದಿನವೂ ಖಾಲಿ ಇಲ್ಲ' ಎಂದು ತೋರಿಸಿ, ಆಮೇಲೆ ನಿಧಾನವಾಗಿ ಖಾಲಿ ಇರುವ ದಿನಗಳನ್ನು ತಂದು ಹಾಕುತ್ತಿತ್ತು. ನಮ್ಮ ನೆಟ್‌ವರ್ಕಿನಲ್ಲಿ ಅದಕ್ಕೆ ಇನ್ನೂ ಹೊತ್ತು. ಹಾಗಾಗಿ ಪುಟ ಪೂರ್ತಿ ತುಂಬುವವರೆಗೂ ಕಾಯಬೇಕೆಂದು ಸ್ಕ್ರಿಪ್ಟಿನಲ್ಲೇ ಬರೆದಿದ್ದೆ.

ಶ್ರೀಮಂಗಲದಲ್ಲಿ ಬ್ಲೌಸ್ ಹೊಲಿಯುವ ನನ್ನ ಅಕ್ಕನಿಗೆ ಕಣ್ಣಿನ ಒತ್ತಡ ಏರಿದೆ, ಬೇಗ ಮೈಸೂರಿನಲ್ಲಿ ತೋರಿಸಿ ಎಂದು ವಿರಾಜಪೇಟೆಯ ಡಾಕ್ಟರು ಹೇಳಿದರು. ಅವಳ ಹೆಸರನ್ನೂ ಸ್ಕ್ರಿಪ್ಟಿಗೆ ಸೇರಿಸಿದೆ. ದಿನವೂ ಬಂದದ್ದು ಒಂದೇ ಉತ್ತರ: ಖಾಲಿ ಇಲ್ಲ.

"ಇವತ್ತೂ ಇಲ್ವಾ?" ಎಂದು ಅಕ್ಕ ಫೋನಿನಲ್ಲಿ ಕೇಳುವಳು.

"ಇಲ್ಲ ಅಕ್ಕ, ತುಂಬ ರಶ್ಶು" ಎನ್ನುತ್ತಿದ್ದೆ. ಹೀಗೇ ವಾರಗಳು ಹೋದವು.

ಒಂದು ಬೆಳಿಗ್ಗೆ ಗೆಳತಿಯ ಅತ್ತೆ ಅಂಗಡಿಗೆ ಬಂದರು. ಗೆಳತಿ ಟೀ ತರಲು ಹೋಗಿದ್ದಳು. "ಮೈಸೂರಲ್ಲಿ ಕಣ್ಣು ತೋರಿಸ್ಕೊಂಡು ಬಂದ್ವಮ್ಮ. ನಮ್ಮ ಸೊಸೆ ಕೂತಲ್ಲೇ ಡೇಟ್ ತೆಗೆದುಕೊಟ್ಟಳು" ಎಂದರು. ಅದೇ ಆಸ್ಪತ್ರೆ, ಅದೇ ವಿಭಾಗ.

ಅವರು ಹೋದ ಮೇಲೆ ಸ್ಕ್ರಿಪ್ಟ್ ತೆರೆದೆ. ಪುಟ ತುಂಬುವವರೆಗೆ ಕಾಯುವ ನನ್ನ ಸಾಲು ಇರಲಿಲ್ಲ. ಎರಡು ಸೆಕೆಂಡು ನಿಂತು ಓದಿಬಿಡು ಎಂಬ ಬೇರೆ ಸಾಲು ಆ ಜಾಗದಲ್ಲಿತ್ತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಆ ಪುಟ 'ಖಾಲಿ ಇಲ್ಲ' ಎನ್ನುವುದನ್ನು ಬಿಟ್ಟು ಬೇರೇನೂ ತೋರಿಸುತ್ತಿರಲಿಲ್ಲ.

ಟೀ ಹಿಡಿದು ಬಂದವಳಿಗೆ ಪರದೆ ನೋಡಿದ ತಕ್ಷಣ ಗೊತ್ತಾಯಿತು.

"ಜನ ಕಾದು ಕಾದು ಬೇರೆ ಅಂಗಡಿಗೆ ಹೋಗ್ತಿದ್ರು ಮಾರಾಯ್ತಿ. ಸ್ವಲ್ಪ ಸ್ಪೀಡ್ ಆಗ್ಲಿ ಅಂತ ಮಾಡ್ದೆ."

"ಇದು ಸುಳ್ಳು ಹೇಳ್ತಿದೆ ಅಂತ ಯಾವಾಗ ಗೊತ್ತಾಯ್ತು?"

ಅವಳು ಟೀಯನ್ನು ಮೇಜಿನ ಮೇಲಿಟ್ಟಳು. "ಅತ್ತೆಗೆ ನೋಡುವಾಗ. ಇಲ್ಲ ಅಂತ ಬಂತು. ಕೈಯಲ್ಲಿ ತೆರೆದು ಕಾದೆ. ಡೇಟ್‌ಗಳು ಇದ್ವು."

"ನನ್ನ ಅಕ್ಕನ ಹೆಸರು ಅದ್ರಲ್ಲೇ ಇತ್ತಲ್ಲ?"

"ಇತ್ತು. ಹೇಳಿದ್ರೆ ನಾನೇ ಬದಲಾಯಿಸಿದ್ದು ಅಂತ ಗೊತ್ತಾಗ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ಅವಳೆದುರಿಗೇ ಪುಟ ತೆರೆದು ಕಾದೆ. ಸಾಲುಸಾಲಾಗಿ ದಿನಗಳು ಬಂದವು. ಅಕ್ಕನ ಹೆಸರು ಹಾಕಿದೆ, ಉಳಿದವರ ಹೆಸರುಗಳನ್ನೂ ಹಾಕಿ, ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಅವಳು ಸಹಾಯಕ್ಕೆ ಕುರ್ಚಿ ಎಳೆದುಕೊಂಡಳು. ಬೇಡವೆಂದೆ.

ಮೈಸೂರಿನ ಡಾಕ್ಟರು ಅಕ್ಕನ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. "ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಕಾಪಾಡೋಣ. ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆಗೆ ಮುಖ ಮಾಡಿ, "ಹೋದ ತಿಂಗಳು ಅವಳ ಬ್ಲೌಸ್ ಹೊಲಿದುಕೊಟ್ಟೆ. ನನ್ನೆದುರೇ ಹಾಕಿ ನೋಡಿದ್ಲು. ಕಣ್ಣು ಹೇಗಿದೆ ಅಕ್ಕ ಅಂತ ಕೇಳಿದ್ಲು ಕಣೇ" ಎಂದಳು.

ಅಂಗಡಿಯನ್ನು ಗೆಳತಿಗೇ ಬಿಟ್ಟು ಬಂದೆ. ಈಗ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಕೆಲಸ. ಆಚೆ ಬದಿಯಲ್ಲಿ ಅಕ್ಕ ಹೊಲಿಯುತ್ತಾಳೆ. ಸೂಜಿಗೆ ದಾರ ಪೋಣಿಸಿಕೊಡುವುದು ನಾನು.